ಆರಿಹೋದ ಹಳದಿ ದೀಪ

"ಅರೆ, ಆರಿಹೋಯ್ತಲ್ಲೇ! ನೀನು ನಿಮ್ಮಮ್ಮನಿಗಿಂತ ಜಾಣೆ," ಎಂದು ಡ್ರಾಯಿಂಗ್ ಮಿಸ್ ಬುಗುರಿಯ ಬೆನ್ನು ತಟ್ಟಿದರು.

ಅವರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎರಡು ದಿನದಿಂದ ಉರಿಯುತ್ತಿದ್ದ ಹಳದಿ ದೀಪ ಈಗ ಇರಲಿಲ್ಲ. ಕಾರಿನ ದೋಷ ಪತ್ತೆಹಚ್ಚುವ, ಅಮ್ಮನ ಗ್ಯಾರೇಜಿನ ಸ್ಕ್ಯಾನರ್ ಬುಗುರಿಯ ಕೈಯಲ್ಲಿತ್ತು. ನಿಂತಲ್ಲಿ ನಿಲ್ಲದ ಹುಡುಗಿ ಎಂದೇ ಅವಳಿಗೆ ಆ ಹೆಸರು.

ಅಮ್ಮ ಸ್ಕ್ಯಾನರಿನ ವೈರನ್ನು ಕಾರಿಗೆ ಸಿಕ್ಕಿಸಿ, "ಮುಟ್ಟಬೇಡ, ಬಂದೆ" ಎಂದು ನಂಬರ್ ಬರೆದುಕೊಳ್ಳಲು ಪೆನ್ನು ತರಲು ಒಳಗೆ ಹೋಗಿದ್ದಳು. ಬುಗುರಿಯ ಬೆರಳು ಸುಮ್ಮನಿರಬೇಕಲ್ಲ! ಸ್ಕ್ರೀನಿನ ಮೇಲೆ ಏನೋ ನಂಬರ್ ಬಂದಿತ್ತು. ಅದರ ಕೆಳಗೆ 'ಇರೇಸ್' ಬಟನ್. ಒತ್ತಿಯೇಬಿಟ್ಟಳು.

"ಸೋಮವಾರ ಕ್ಲಾಸಲ್ಲಿ ಎಲ್ಲರಿಗೂ ಹೇಳ್ತೀನಿ," ಎಂದರು ಮಿಸ್, ವೈರು ಕಿತ್ತು ಅವಳ ಕೈಗೆ ಕೊಡುತ್ತ. ಬುಗುರಿ ಉಬ್ಬಿಹೋದಳು. "ನಾಳೆ ನಮ್ಮಮ್ಮನ್ನ ಕೂರಿಸ್ಕೊಂಡು ಬೆಟ್ಟದ ರಸ್ತೇಲಿ ಹೋಗ್ಬೇಕು. ಗೇರ್ ಬದಲಾಗುವಾಗ ಕಾರು ಜಗ್ತಾ ಇತ್ತು ನೋಡು. ಇನ್ನು ಚಿಂತೆ ಇಲ್ಲ."

ಬುಗುರಿ ಕೈಯಲ್ಲಿದ್ದ ಸ್ಕ್ಯಾನರನ್ನು ನೋಡಿದಳು. ತಾನು ಕಾರಿನ ಒಂದು ಬೋಲ್ಟನ್ನೂ ಮುಟ್ಟಿಲ್ಲ. ದೀಪ ಆರಿದ್ದು ನಿಜ. ಜಗ್ಗುವುದು ಹೇಗೆ ನಿಂತೀತು?

ಮಿಸ್ ಆಗಲೇ ಕಾರು ಸ್ಟಾರ್ಟ್ ಮಾಡಿದ್ದರು.

"ಮಿಸ್, ನಿಲ್ಸಿ. ನಾನು ರಿಪೇರಿ ಮಾಡಿಲ್ಲ. ದೀಪ ಆರಿಸಿದೆ ಅಷ್ಟೆ."

ಪೆನ್ನು ಹಿಡಿದು ಬಂದ ಅಮ್ಮ ಹುಬ್ಬು ಗಂಟಿಕ್ಕಿದಳು. "ನಂಬರ್ ಏನಿತ್ತು?"

"ಪಿ, ಸೊನ್ನೆ, ಏಳು... ಆಮೇಲೆ ಮರ್ತೋಯ್ತು."

"ಗೇರ್‌ಬಾಕ್ಸಿನ ಕೋಡೆಲ್ಲ ಹಾಗೇ ಶುರುವಾಗೋದು ಮಹರಾಯ್ತಿ. ಎಲ್ಲಿ ಕೆಟ್ಟಿದೆ ಅಂತ ಇದ್ದ ಒಂದು ಸುಳಿವನ್ನೂ ಒರೆಸಿ ಹಾಕಿದೆಯಲ್ಲ." ಅಮ್ಮ ಮಿಸ್ ಕಡೆ ತಿರುಗಿದಳು. "ದೀಪ ಮತ್ತೆ ಬರೋವರೆಗೂ ಓಡಿಸಿ ನೋಡ್ಬೇಕು ಮಿಸ್. ಬೇರೆ ದಾರಿ ಇಲ್ಲ."

ಅಮ್ಮ ಸ್ಟಿಯರಿಂಗ್ ಹಿಡಿದಳು. ಮಿಸ್ ಪಕ್ಕದಲ್ಲಿ, ಬುಗುರಿ ಹಿಂದೆ. ಒಂದು ಸುತ್ತು ಮುಗಿಯಿತು, ಎರಡು ಮುಗಿಯಿತು. ಕಾರು ಬೆಣ್ಣೆಯಂತೆ ಓಡಿತು.

"ಇನ್ಸ್‌ಪೆಕ್ಟರ್ ಸ್ಕೂಲಿಗೆ ಬಂದ ದಿನ ನನ್ನ ಕ್ಲಾಸೂ ಹೀಗೇ ಇರುತ್ತೆ," ಎಂದು ಮಿಸ್ ನಕ್ಕರು. ಬುಗುರಿಗೆ ನಗು ಬರಲಿಲ್ಲ. ಸೀಟಿನ ಮಧ್ಯದಿಂದ ಕತ್ತು ಚಾಚಿ, ಕಣ್ಣು ಮಿಟುಕಿಸದೆ ಡ್ಯಾಶ್‌ಬೋರ್ಡನ್ನೇ ನೋಡುತ್ತಿದ್ದಳು. ಬಾ, ಬೇಗ ಬಾ ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದಳು.

ಮೂರನೇ ಸುತ್ತಿನಲ್ಲಿ ಫ್ಲೈಓವರ್ ಹತ್ತುವಾಗ ಕಾರು ಧಡ್ ಎಂದು ಜಗ್ಗಿತು. ದೀಪ ಹೊತ್ತಿಕೊಂಡಿತು.

ಫ್ಲೈಓವರ್ ಇಳಿದು, ಅಮ್ಮ ರಸ್ತೆ ಬದಿಗೆ ಕಾರು ನಿಲ್ಲಿಸಿ ಸ್ಕ್ಯಾನರನ್ನು ಸಿಕ್ಕಿಸಿದಳು. ಅದನ್ನು ಬುಗುರಿಯ ಕೈಗೇ ಕೊಟ್ಟಳು. "ಓದು. ಒಂದೊಂದೇ ಅಂಕಿ."

ಬುಗುರಿ ಓದಿದಳು. ಅಮ್ಮ ಬರೆದುಕೊಂಡಳು.

"ಗೇರ್ ಬದಲಿಸೋ ಒಂದು ವಾಲ್ವ್ ಮೇಲೆ ಅನುಮಾನ ಮಿಸ್. ಆಯಿಲ್ಲು, ವೈರು ಎಲ್ಲಾ ನೋಡಿ ಹೇಳ್ತೀನಿ. ಆದ್ರೆ ನಾಳೆ ಈ ಕಾರು ಬೆಟ್ಟ ಹತ್ತೋದು ಬೇಡ."

ಮಿಸ್ ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ. ಫೋನ್ ತೆಗೆದು, "ಅಮ್ಮಾ, ನಾಳೆ ಬಸ್ಸಲ್ಲೇ ಹೋಗೋಣ," ಎಂದರು.

ಬುಗುರಿ ಹಿಂದಕ್ಕೆ ಒರಗಿ ಕೂತಳು. ಹಳದಿ ದೀಪ ಉರಿಯುತ್ತಲೇ ಇತ್ತು. ಅದು ಉರಿಯುತ್ತಿದೆ ಎಂದೇ ಅವಳಿಗೆ ಸಮಾಧಾನವಾಗಿತ್ತು.