ಅಕ್ಕಚ್ಚಿನ ಬಾಲ್ದಿ

ಏಪ್ರಿಲ್ ಹದಿನೇಳು, ಬುಧವಾರ. ಬೆಳಗ್ಗೆ 9.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಉದಯನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ನನ್ನ ತಂಗಿಗೆ ವಿಷ ಹಾಕಿದ್ದಾರೆ ಸಾರ್."

ತಂಗಿ ಹರಿಣಾಕ್ಷಿ, ಮರ್ಕಂಜದ ಜಯಪ್ರಕಾಶನ ಹೆಂಡತಿ. ಹಿಂದಿನ ಮಧ್ಯಾಹ್ನ ಊಟದ ಕೊನೆಗೆ ಇಬ್ಬುಡ್ಲು ಎಂಬ ಕರಬೂಜ ಹಣ್ಣಿನ ರಸಾಯನ ತಿಂದವಳು ಕುತ್ತಿಗೆ ಹಿಡಿದುಕೊಂಡು ಕುಸಿದಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಎಸ್‌ಐ ಮಹಾಲಿಂಗ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಭವಿತಾಳೊಂದಿಗೆ ಹೊರಟರು. ಭವಿತಾಳಿಗೆ ಮಾತು ಕಡಿಮೆ. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ.

11.20ಕ್ಕೆ ಜಯಪ್ರಕಾಶನ ಮನೆಯಲ್ಲಿ ಪಂಚನಾಮೆ ಶುರುವಾಯಿತು. ಅದೇ ಪಾತ್ರೆಯಿಂದ ಐದು ಮಂದಿ ತಿಂದಿದ್ದರು. ಉಳಿದ ನಾಲ್ವರು ಎದುರಿಗೇ ನಿಂತಿದ್ದರು.

"ಅವಳಿಗೆ ರಬ್ಬರ್ ಹಾಲು ತಾಗಿದ್ರೆ ಮೈಯೆಲ್ಲ ತುರಿಸಿ ದಡಿಕೆ ಏಳ್ತಿತ್ತು," ಎಂದ ಜಯಪ್ರಕಾಶ. "ಮತ್ತೆ ಬಾಳೆಹಣ್ಣೂ ಆಗದ ಹಾಗಾಯ್ತು. ಎರಡಕ್ಕೂ ಒಳಗಿಂದ ನೆಂಟಸ್ತಿಕೆ ಉಂಟು, ಹಣ್ಣು ತಿಂದ್ರೆ ಗಂಟಲು ಬಾತೀತು ಅಂತ ದರ್ಬೆಯ ಡಾಕ್ಟ್ರು ಹೇಳಿದ್ರು. ಅಲ್ಲಿಂದ ಈ ಮನೆಯೊಳಗೆ ಬಾಳೆಹಣ್ಣು ತರುದೇ ಇಲ್ಲ ಸಾರ್."

"ರಸಾಯನ ಮಾಡಿದ್ದು ಯಾರು?"

"ಅತ್ತಿಗೆ."

ಅವನ ಅಣ್ಣನ ಹೆಂಡತಿ ಲೋಲಾಕ್ಷಿ ಬಾಗಿಲಲ್ಲೇ ನಿಂತಿದ್ದಳು. "ಇಬ್ಬುಡ್ಲು, ಬೆಲ್ಲ, ಕಾಯಿಹಾಲು, ಏಲಕ್ಕಿ. ಅದಕ್ಕೆ ಬೇರೆಂತ ಹಾಕುದು?"

ಹಟ್ಟಿಯಲ್ಲಿ ದನ ಒಂದೇ ಸಮನೆ ಕೂಗುತ್ತಿತ್ತು. ಭವಿತಾ ಆಚೆ ಹೋದಳು. ಅಕ್ಕಿ ತೊಳೆದ ನೀರು, ಹಣ್ಣು ತರಕಾರಿಯ ಸಿಪ್ಪೆ ಎಲ್ಲ ಸೇರಿಸಿ ದನಕ್ಕಿಡುವ ಅಕ್ಕಚ್ಚಿನ ಬಾಲ್ದಿ ಮೂಲೆಯಲ್ಲಿ ತುಂಬಿಕೊಂಡೇ ಇತ್ತು. ಸಾವಿನ ಗಡಿಬಿಡಿಯಲ್ಲಿ ದನದ ನೆನಪು ಯಾರಿಗೂ ಆಗಿರಲಿಲ್ಲ. ಆಕೆ ಅಂಗಿಯ ತೋಳು ಮಡಚಿ ಕೈ ಹಾಕಿದಳು. ಮೇಲೆ ಇಬ್ಬುಡ್ಲಿನ ಸಿಪ್ಪೆ. ಅಡಿಯಲ್ಲಿ, ಕಪ್ಪಾದ ನಾಲ್ಕು ಬಾಳೆಹಣ್ಣಿನ ಸಿಪ್ಪೆ.

ಮರುದಿನ ಮಧ್ಯಾಹ್ನ ಪೋಸ್ಟ್‌ಮಾರ್ಟಂ ವರದಿ ಬಂತು: ವಿಷದ ಕುರುಹಿಲ್ಲ, ಗಂಟಲು ಬಾತು ಉಸಿರು ಕಟ್ಟಿದೆ. 2.30ಕ್ಕೆ ಲೋಲಾಕ್ಷಿ ಠಾಣೆಯಲ್ಲಿದ್ದಳು.

"ಬಾಳೆಹಣ್ಣು ಎಲ್ಲಿಂದ ಬಂತು?" ಮಹಾಲಿಂಗ ಕೇಳಿದರು.

ಲೋಲಾಕ್ಷಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ದನ ಅಂಗಡಿಗೆ ಹೋಗಿ ತಂದಿತಾ ಮಾರಾಯ್ತಿ?"

"ನಾಲ್ಕೇ ಹಣ್ಣು ಸಾರ್. ಕಿವುಚಿ ಹಾಕಿದ್ದು. ತಿಂದು ಎಂತದೂ ಆಗದೆ ಕೂತ್ರೆ, ನೋಡಿ ಇವಳ ನಾಟಕ ಅಂತ ಎಲ್ಲರೆದುರು ಹೇಳ್ಬೇಕಂತ ಇತ್ತು. ಸಾಯ್ಲಿ ಅಂತ ಅಲ್ಲ, ದೇವರಾಣೆ."

"ಡಾಕ್ಟ್ರು ಹೇಳಿದ್ದು ಗೊತ್ತಿತ್ತಲ್ಲ?"

"ಗೊತ್ತಿತ್ತು. ನಂಬ್ಲಿಲ್ಲ. ರಬ್ಬರ್ ಹಾಲು ಆಗುದಿಲ್ಲ ಅಂತ ಅವಳು ಒಳಗೆ ಕೂತಳು, ಮುನ್ನೂರು ಮರದ ಟ್ಯಾಪಿಂಗ್ ನನ್ನ ತಲೆಗೆ ಬಿತ್ತು."

4.15ಕ್ಕೆ ದಸ್ತಗಿರಿ. ಬೆರಳಚ್ಚು ತೆಗೆಯಲು ಕೈ ಹಿಡಿದ ಭವಿತಾ ಅದನ್ನು ತಿರುಗಿಸಿ ನೋಡಿದಳು. ಬೆರಳ ಸಂದಿಗಳೆಲ್ಲ ಕೆಂಪಾಗಿ ಬಿರಿದಿದ್ದವು.

"ಇದೆಂತ ಅಕ್ಕ?"

"ರಬ್ಬರ್ ಹಾಲು. ನನಗೂ ತುರಿಸ್ತದೆ, ಎರಡು ವರ್ಷ ಆಯ್ತು. ನಾನು ಕೆಲಸ ಬಿಟ್ಟೆನಾ? ಅವಳಿಗೆ ಮಾತ್ರ ಎಂತ ದೊಡ್ಡದು?"

"ಆ ರಸಾಯನ ನೀವೂ ತಿಂದಿರಾ?"

"ಎರಡು ಚಮಚ. ನಾಲಿಗೆ ಸ್ವಲ್ಪ ತುರಿಸಿತು. ನೀರು ಕುಡ್ದೆ."

ಆರೋಪಿಗೆಂದು ತರಿಸಿದ ಚಹಾ ಮೇಜಿನ ಮೇಲೆ ಆರುತ್ತಿತ್ತು, ಪಕ್ಕದಲ್ಲೊಂದು ಬಾಳೆಹಣ್ಣು. ಭವಿತಾ ಚಹಾವನ್ನು ಲೋಲಾಕ್ಷಿಯತ್ತ ಸರಿಸಿದಳು. ಹಣ್ಣನ್ನು ತೆಗೆದು ತನ್ನ ಡ್ರಾಯರಿನಲ್ಲಿಟ್ಟಳು.