ಆಲ್ಡರ್‌ಮೀಡ್ ಶಾಲೆಯ ತಪ್ಪಿನ ಪುಸ್ತಕ

ಸೆಪ್ಟೆಂಬರ್ 30, ಮಂಗಳವಾರ, ಬೆಳಿಗ್ಗೆ 9.10. ಅಮೆರಿಕದ ಶೋರ್‌ಲೈನ್ ಪೊಲೀಸ್ ಠಾಣೆಗೆ ಬಂದ ದೂರು ಒಂದು ಪುಸ್ತಕದ್ದು. ಆಲ್ಡರ್‌ಮೀಡ್ ಪ್ರಿಪರೇಟರಿ ಶಾಲೆಯ ಕಚೇರಿಯಿಂದ ಅದು ಹಿಂದಿನ ದಿನ ಕಾಣೆಯಾಗಿತ್ತು.

ಪತ್ತೇದಾರ ಶಶಿಕಾಂತ ಧಾರವಾಡದಲ್ಲಿ ಹುಟ್ಟಿ ಇಲ್ಲಿ ಬೆಳೆದವನು. ಮೊದಲು ಅವನಿಗೆ ನಗು ಬಂತು. 1931ರಲ್ಲಿ ಶಾಲೆ ತೆರೆದ ಇಂಗ್ಲಿಷ್ ಮೇಷ್ಟ್ರು ತಮ್ಮೂರಿನ ಪದ್ಧತಿಯನ್ನೂ ಜೊತೆಗೇ ತಂದಿದ್ದರು: ಮಕ್ಕಳ ತಪ್ಪುಗಳನ್ನೆಲ್ಲ ಶಾಯಿಯಲ್ಲಿ ಒಂದೇ ಪುಸ್ತಕಕ್ಕೆ ಬರೆಯುವುದು, ಏನನ್ನೂ ಅಳಿಸದಿರುವುದು. ನಾಲ್ಕು ತಲೆಮಾರಿನ ತಂಟೆಕೋರರು ಅದರಲ್ಲಿ ಸಾಲಾಗಿ ಕೂತಿದ್ದರು. ಆದರೆ ಎಂಟನೆಯ ತರಗತಿಯವರಿಗೆ ಹೈಸ್ಕೂಲ್ ಪ್ರವೇಶದ ಶಿಫಾರಸು ಪತ್ರ ಬರೆಯುವಾಗ ಮುಖ್ಯೋಪಾಧ್ಯಾಯಿನಿ ಅದನ್ನೇ ತೆರೆದು ನೋಡುತ್ತಿದ್ದರು, ಈ ವರ್ಷದ ಪತ್ರಗಳು ಶುಕ್ರವಾರ ಹೋಗಬೇಕಿತ್ತು. ಶಶಿಕಾಂತನ ನಗು ನಿಂತಿತು.

ಸೋಮವಾರ ಕಚೇರಿಗೆ ಬಂದ ಹೊರಗಿನವರು ಮೂವರು. ಇಬ್ಬರ ಕೈ ಖಾಲಿಯಿದ್ದದ್ದು ಕ್ಯಾಮೆರಾದಲ್ಲಿ ಕಂಡಿತು. ಮೂರನೆಯವಳು ವೈಶಾಲಿ, ವಾರಕ್ಕೊಮ್ಮೆ ಶಾಲೆಯ ಲೈಬ್ರರಿಗೆ ನೆರವಾಗುವ ತಾಯಿ. ಬುಧವಾರ ಸಂಜೆ 4.40ಕ್ಕೆ ಅವನು ಅವಳ ಮನೆಯಲ್ಲಿದ್ದ.

"ಆಫೀಸಿನ್ಯಾಗ ಎಷ್ಟೊತ್ತಿದ್ರಿ?"

"ಐದು ನಿಮಿಷರೀ. ಕೀಲಿ ಕೊಟ್ಟು ಬಂದೆ."

"ಪುಸ್ತಕ ನೋಡಿದ್ರೇನು?"

"ಇಲ್ರೀ."

ಮೂಲೆಯಲ್ಲಿ ಸರಸ್ವತಿಯ ಪಟ. ಎದುರಿಗೆ ಪುಸ್ತಕಗಳ ಅಟ್ಟಿ, ಮೇಲೆ ರೇಷ್ಮೆ ವಸ್ತ್ರ, ಚೆಂಡುಹೂವು.

"ಆ ವಸ್ತ್ರ ಸ್ವಲ್ಪ ಸರಸ್ತೀರೇನು?"

"ಇವತ್ತ ನವಮಿರೀ. ನಾಳೆ ತನಕ ಪುಸ್ತಕ ಮುಟ್ಟಂಗಿಲ್ಲ. ನಿಮಗೂ ಗೊತ್ತಿರಬೇಕಲ್ಲ?"

ಗೊತ್ತಿಲ್ಲದೆ ಏನು! ಚಿಕ್ಕವನಿದ್ದಾಗ ಅವನು ಎಲ್ಲಕ್ಕೂ ಮೊದಲು ಗಣಿತದ ಪುಸ್ತಕವನ್ನೇ ಪೂಜೆಗಿಟ್ಟು ಪಾರಾಗುತ್ತಿದ್ದ. ಆ ನೆನಪಿನಲ್ಲೇ ಅವನ ಕಣ್ಣು ಊಟದ ಮೇಜಿನ ಮೇಲೆ ಬಿತ್ತು. ಎಂಟನೆಯ ತರಗತಿಯ ಮಗಳು ಜಾಹ್ನವಿಯ ಗಣಿತದ ಪುಸ್ತಕ ತೆರೆದೇ ಇತ್ತು, ಮೇಲೊಂದು ಪೆನ್ಸಿಲ್.

"ಹಂಗಾರ ಮಗಳ ಪುಸ್ತಕ ಹೊರಗ ಯಾಕದ? ಪೂಜಿಗಿಟ್ಟಿದ್ದು ಯಾರದು?"

ವೈಶಾಲಿ 5.02ಕ್ಕೆ ಮನೆ ಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ತಾನೇ ವಸ್ತ್ರ ತೆಗೆದಳು. ಅಡಿಯಲ್ಲಿ ಹಸಿರು ಚರ್ಮದ ರಟ್ಟಿನ ಪುಸ್ತಕವಿತ್ತು.

"ಮಾರ್ಚ್‌ನ್ಯಾಗ ಜಾಹ್ನವಿ ಕಾಪಿ ಹೊಡದಾಳ. ಅದು ಪತ್ರದಾಗ ಹೋದ್ರ ಅಕಿನ್ನ ಯಾವ ಸಾಲ್ಯಾಗೂ ತಗೊಳ್ಳಂಗಿಲ್ಲ. ಸುಡಬೇಕಂತ ತಂದೆ. ಕಡ್ಡಿನೂ ಗೀರಿದೆ. ಪುಸ್ತಕಕ್ಕ ಬೆಂಕಿ ಹಚ್ಚಲಿಕ್ಕೆ ಕೈ ಬರಲಿಲ್ರೀ."

"ಒಳಗ ಏನು ಬರದಾರ, ಓದಿದ್ರೇನು?"

"ಧೈರ್ಯ ಆಗಲಿಲ್ಲ."

ಶಶಿಕಾಂತ ಕೈಗವಸು ಹಾಕಿಕೊಂಡು ಮಾರ್ಚ್ ತಿಂಗಳ ಪುಟ ತೆರೆದ. ಜಾಹ್ನವಿಯ ಹೆಸರಿನ ಮುಂದೆ, ಚರಿತ್ರೆಯ ಪರೀಕ್ಷೆಯಲ್ಲಿ ನಕಲು, ಎಂದಿತ್ತು. ಕೆಳಗೆ ಮುಖ್ಯೋಪಾಧ್ಯಾಯಿನಿಯ ಕೈಬರಹ. ಅವನು ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದ: "ಯಾರೂ ನೋಡಿರಲಿಲ್ಲ. ಮರುದಿನ ತಾನಾಗಿ ಬಂದು ಹೇಳಿದಳು. ಇಷ್ಟು ಪ್ರಾಮಾಣಿಕ ಮಗುವನ್ನು ನಾನು ಕಂಡಿಲ್ಲ. ಪತ್ರದಲ್ಲಿ ಇದನ್ನು ತಪ್ಪದೆ ಬರೆಯಬೇಕು."

ಮೆಟ್ಟಿಲ ಮೇಲೆ ಜಾಹ್ನವಿ ನಿಂತಿದ್ದಳು. "ಐ ಟೋಲ್ಡ್ ಯು, ಅಮ್ಮಾ. ದ ಪ್ರಿನ್ಸಿಪಲ್ ವಾಸ್ ನಾಟ್ ಈವನ್ ಆಂಗ್ರಿ."

ವೈಶಾಲಿ ಪಟದ ಮುಂದೆಯೇ ಕೂತಳು. ಶಶಿಕಾಂತ ಬಂಧಿತಳಾಗಿ ಅವಳಿಗಿರುವ ಹಕ್ಕುಗಳನ್ನು ಓದಿ ಹೇಳಿದ. ಬಂಧನದ ಸಮಯ 5.40.

ವರದಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಅವನು ಬರೆದದ್ದು ಇಷ್ಟೇ: ಆರೋಪಿ ಪುಸ್ತಕವನ್ನು ತೆರೆದು ನೋಡಿರಲಿಲ್ಲ.