ತಗಡು ತಿನ್ನುವ ನೀರು

ಅವಳ ಎದೆಯಲ್ಲಿ ಹಾಲಿರಲಿಲ್ಲ. ಹೆರಿಗೆಯಾದ ಹೊಸತರಲ್ಲಿ ಬಂದಂತೆ ಮಾಡಿ ನಿಂತುಹೋಗಿತ್ತು. ಹಾಗಾಗಿ ಹೊಸ ಮನೆಗೆ ಬಂದ ದಿನ ಮೊದಲು ಬಿಚ್ಚಿದ್ದು ಹಾಲಿನ ಪುಡಿ, ಬಾಟಲಿ, ಬಾಟಲಿ ತೊಳೆಯುವ ಬ್ರಷ್ಷು ಇದ್ದ ಗಂಟು. ಅಡುಗೆಮನೆಯ ನಲ್ಲಿಗೆ ಪಾತ್ರೆ ಹಿಡಿದು ತಿರುಗಿ ನೋಡಿದರೆ ಬಾಗಿಲಲ್ಲಿ ಪಕ್ಕದ ಮನೆಯ ಹೆಂಗಸು ನಿಂತಿದ್ದಳು. ಬಟ್ಟೆ ಹೊಲಿಯುವವಳು, ಬೀದಿಗೆಲ್ಲ ದರ್ಜಿ ಅಕ್ಕ. ಕುತ್ತಿಗೆಯಲ್ಲಿ ಅಳತೆ ಟೇಪು, ತುಟಿಗಳ ನಡುವೆ ಗುಂಡುಪಿನ್ನು. ಪಿನ್ನು ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು ಕೇಳಿದಳು:

"ಆ ನೀರು ಮಗೂಗಾ?"

"ಮತ್ತೆ ಬಾಟಲೀಲಿ ನಾನು ಕುಡೀತೀನಾ ಅಕ್ಕ?"

ದರ್ಜಿ ಅಕ್ಕ ನಗಲಿಲ್ಲ. "ನಿನಗಿಂತ ಮುಂಚೆ ಇದ್ದವಳೂ ಇದನ್ನೇ ಕುಡಿಸಿದ್ಲು. ಕೂಸು ಹೋಯ್ತು. ಮನೆ ಬಿಡೋ ದಿನ ಮೇಲೆ ಟ್ಯಾಂಕಿನ ಹತ್ರ ನಿಂತ್ಕೊಂಡು ಶಾಪ ಹಾಕಿದ್ಲು. ಈ ಮನೆಗೆ ಬರೋರೂ ನನ್ನ ಹಾಗೇ ತಮ್ಮ ಕೂಸನ್ನ ತಮ್ಮ ಕೈಯಾರೆ ಕಳ್ಕೊಳ್ಲಿ ಅಂತ. ನಾನು ಕಿವಿಯಾರೆ ಕೇಳಿದೀನಿ. ನೀವು ದೊಡ್ಡೋರು ಏನಾದ್ರೂ ಮಾಡ್ಕೊಳ್ಳಿ. ಮಗೂಗೆ ನಮ್ಮನೆ ನಲ್ಲೀಲಿ ಹಿಡ್ಕೊಂಡು ಹೋಗು."

"ಶಾಪದ ಪಾಲಿನ ಬಾಡಿಗೆ ಯಾರು ಕಟ್ತಾರೆ? ನಾನಾ, ಅವಳಾ?"

"ನಗ್ಬೇಡ ಕಣೇ."

"ಚೆನ್ನಾಗಿ ಕುದಿಸಿ ಕೊಡ್ತೀನಿ ಬಿಡಕ್ಕ. ಶಾಪ ಇದ್ರೆ ಬೆಂದು ಹೋಗುತ್ತೆ."

ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ರಕ್ತ, ಕೀವು, ಯಾರ ಯಾರದೋ ಜ್ವರದ ಬೆವರು, ಎಲ್ಲವೂ ಅಲ್ಲಿ ಒಂದೇ ಹಂಡೆಗೆ ಬೀಳುತ್ತಿತ್ತು, ಬೆಳ್ಳಗಾಗಿ ಹೊರಗೆ ಬರುತ್ತಿತ್ತು. ಅವಳಿಗೆ ದೇವರಿರಲಿಲ್ಲ, ದೆವ್ವವಿರಲಿಲ್ಲ. ಕುದಿಯುವ ನೀರಿತ್ತು. ಅದರ ಮುಂದೆ ಯಾವುದೂ ಬದುಕುವುದಿಲ್ಲ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಅವಳ ಬೆನ್ನ ಹಿಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತೆ ನಿಂತಿದ್ದರು. ಮಗುವನ್ನು ಅವರು ಗುಬ್ಬಿ ಎಂದು ಕರೆಯುತ್ತಿದ್ದರು. ಸೊಸೆ ಕೆಲಸಕ್ಕೆ ಹೋದಾಗ ಗುಬ್ಬಿ ಅವರದೇ. ಅವರೂ ನಗಲಿಲ್ಲ. ಅಂದು ಸಂಜೆ ಮೆಲ್ಲಗೆ ಮಾತು ತೆಗೆದರು.

"ಪೇಟೇಲಿ ಬೀಗದಕೈ ಮಾಡೋನು ಒಬ್ಬ ಇದಾನಂತೆ. ತಾಮ್ರದ ತಗಡಿನ ಮೇಲೆ ಯಂತ್ರ ಬರ್ದು ಕೊಡ್ತಾನಂತೆ. ಒಂದು ತಂದು ಇಟ್ರೆ..."

"ಅತ್ತೆ, ಬೀಗ ಕಳೆದ್ರೆ ಅವನ ಹತ್ರ ಹೋಗೋಣ. ಅಂಥದ್ದೆಲ್ಲ ಮನೆಗೆ ಬಂದ್ರೆ ನಾನಿಲ್ಲಿ ಇರಲ್ಲ, ಹೇಳಿದೀನಿ." ಹೇಳಿ, ಅವಳು ಮತ್ತೆ ನಕ್ಕಳು. ಅತ್ತೆ ಆ ಮಾತನ್ನು ಇನ್ನೊಮ್ಮೆ ಎತ್ತಲಿಲ್ಲ.

ಗಂಡ ಲಾರಿ ಓಡಿಸುವವನು. ಮನೆಗಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ಮಾಳಿಗೆಗೆ ಕಬ್ಬಿಣದ ಮೆಟ್ಟಿಲು, ಮೇಲೆ ಸಿಮೆಂಟಿನ ಟ್ಯಾಂಕು. ಅತ್ತೆ ದಿನವೂ ಒಣಗಿದ ಬಟ್ಟೆ ತರಲು ಮೇಲೆ ಹೋಗುತ್ತಿದ್ದರು. ಮಂಡಿನೋವಿನ ಮುದುಕಿಗೆ ಯಾಕಿಷ್ಟು ಉತ್ಸಾಹ ಎಂದು ಅವಳಿಗೆ ಅನ್ನಿಸಿತ್ತು. ಕೇಳಲು ಪುರುಸೊತ್ತಿರಲಿಲ್ಲ.

ಆಮೇಲೆ ಆ ಸದ್ದು ಶುರುವಾಯಿತು.

ಸಂಜೆ ಊರಿನ ನೀರು ಬಿಡುವ ಹೊತ್ತಿಗೆ, ಟ್ಯಾಂಕು ತುಂಬುವಾಗ, ತಲೆಯ ಮೇಲೆ ಎಲ್ಲೋ ಟಿಣ್ ಎನ್ನುತ್ತಿತ್ತು. ಮತ್ತೆ ಟಿಣ್. ಯಾರೋ ಕತ್ತಲಲ್ಲಿ ಕೂತು ಕಾಸು ಎಣಿಸಿದಂತೆ. ಗುಬ್ಬಿ ಬಾಟಲಿ ಬಿಟ್ಟು ಚಾವಣಿಯತ್ತ ಕಣ್ಣು ತಿರುಗಿಸುತ್ತಿತ್ತು. "ಪೈಪಿನಲ್ಲಿ ಗಾಳಿ ಚಿನ್ನಾ," ಎಂದು ಅವಳು ಹೇಳುತ್ತಿದ್ದಳು. ಅತ್ತೆ ಮಾತ್ರ ಆ ಸದ್ದು ಕೇಳಿದಾಗ ಕಣ್ಣು ಮುಚ್ಚಿ ಉಸಿರು ಬಿಡುತ್ತಿದ್ದರು, ಬಾಗಿಲ ಚಿಲಕ ಬಿದ್ದದ್ದು ಕೇಳಿಸಿದವರ ಹಾಗೆ.

ನೀರಿಗೆ ಒಂದು ವಾಸನೆಯಿತ್ತು. ಬಹಳ ಹೊತ್ತು ಬಿಗಿಹಿಡಿದ ಕಾಸನ್ನು ಬಿಟ್ಟ ಮೇಲೆ ಅಂಗೈ ನಾರುವಂಥ ವಾಸನೆ. ನಲ್ಲಿಯ ಕೆಳಗೆ ಬಿಳಿ ತೊಟ್ಟಿಯಲ್ಲಿ ನಾಲಗೆ ಚಾಚಿದಂತೆ ಹಸಿರು-ನೀಲಿ ಕಲೆ. ಅವಳು ಉಜ್ಜಿದಳು. ಮತ್ತೆ ಬಂತು. ಗುಬ್ಬಿಯ ಬಿಳಿ ಬಟ್ಟೆಗಳೂ ಒಂದು ಥರ ನೀಲಿ ತಿರುಗಿದವು. ನೀಲಿ ಹಾಕಿದ್ದು ಜಾಸ್ತಿಯಾಯಿತು ಎಂದುಕೊಂಡು ನೀಲಿ ಹಾಕುವುದನ್ನೇ ನಿಲ್ಲಿಸಿದಳು. ಬಣ್ಣ ನಿಲ್ಲಲಿಲ್ಲ.

ಗುಬ್ಬಿ ಕುಡಿದದ್ದನ್ನು ಕಕ್ಕತೊಡಗಿತು. ಅವಳು ನೀರನ್ನು ಇನ್ನೂ ಹೆಚ್ಚು ಹೊತ್ತು ಕುದಿಸಿದಳು. ಮೊದಲು ಒಂದು ಕುದಿ ಬರಿಸುತ್ತಿದ್ದವಳು ಈಗ ಪಾತ್ರೆ ಅರ್ಧಕ್ಕೆ ಇಳಿಯುವ ತನಕ ಒಲೆಯ ಮುಂದೆ ನಿಲ್ಲುತ್ತಿದ್ದಳು. ಮಗು ಬಾಟಲಿ ಕಂಡರೆ ಮುಖ ತಿರುಗಿಸುತ್ತಿತ್ತು. ಮುಷ್ಟಿ ಬಿಗಿದು, ಬೆನ್ನು ಸೆಟೆದು, ಸದ್ದಿಲ್ಲದೆ ಅಳುತ್ತಿತ್ತು. ಹೊಟ್ಟೆ ಉಬ್ಬಿತು. ಕೈಕಾಲು ಕಡ್ಡಿಯಾದವು.

"ದರ್ಜಿ ಅಕ್ಕನ ಮನೆ ನೀರಾದ್ರೂ ತರ್ಲಾ?" ಎಂದು ಅತ್ತೆ ಒಂದು ದಿನ ಕೇಳಿದರು.

"ಅದೇ ಊರು, ಅದೇ ನೀರು ಅತ್ತೆ. ಹೋಗ್ಲಿ, ನಾನು ಕುದಿಸ್ತಿದೀನಲ್ಲ."

ಗುಬ್ಬಿಯ ಕಣ್ಣಿನ ಬಿಳಿ ಹಳದಿಯಾದ ದಿನ ಅವಳು ಮಗುವನ್ನೆತ್ತಿಕೊಂಡು ತಾನು ಬಟ್ಟೆ ಒಗೆಯುವ ಆಸ್ಪತ್ರೆಗೇ ಓಡಿದಳು. ದಾಖಲು ಮಾಡಿಕೊಂಡರು. ರಕ್ತ ತೆಗೆದರು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು.

"ಮನೇಲಿ ತಾಮ್ರದ ಪಾತ್ರೆ ಬಳಸ್ತೀರಾ?"

"ಎಲ್ಲ ಸ್ಟೀಲು."

"ಪೈಪು?"

"ಪ್ಲಾಸ್ಟಿಕ್ಕು."

"ಮಗು ಲಿವರ್ ಪೂರ್ತಿ ತಾಮ್ರ ತುಂಬ್ಕೊಂಡಿದೆ ಅನ್ಸುತ್ತಮ್ಮ. ಇಲ್ಲಿನ ನೀರಿಗೆ ಹುಳಿ ಗುಣ ಇದೆ, ತಾಮ್ರ ಸಿಕ್ಕಿದ್ರೆ ಕರಗಿಸ್ಕೊಳ್ಳುತ್ತೆ. ದೊಡ್ಡೋರು ಹೇಗೋ ತಡ್ಕೊಳ್ತಾರೆ. ಹಸುಗೂಸಿಗೆ ಆಗಲ್ಲ."

"ನಾನು ಕುದಿಸಿ ಕೊಡ್ತಿದ್ದೆ ಸಾರ್. ಅರ್ಧಕ್ಕೆ ಇಳಿಸಿ ಕೊಡ್ತಿದ್ದೆ."

ಡಾಕ್ಟರು ತಲೆಯಲ್ಲಾಡಿಸಿದರು. "ಕುದಿಸಿದ್ರೆ ಕ್ರಿಮಿ ಸಾಯುತ್ತೆ. ತಾಮ್ರ ಸಾಯಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತೆ... ಮನೆ ನೀರು ಒಂದು ಬಾಟಲಿ ತಗೊಂಡು ಬನ್ನಿ."

ಅವಳು ಮನೆಗೆ ಬಂದಾಗ ಮುಸ್ಸಂಜೆ. ಬಾಗಿಲು ತೆಗೆಯುವಾಗಲೇ ಕೇಳಿಸಿತು. ಟಿಣ್.

ನಲ್ಲಿಗೆ ಬಾಟಲಿ ಹಿಡಿಯಲಿಲ್ಲ. ನೇರ ಹಿಂದುಗಡೆಗೆ ಹೋಗಿ ಮೆಟ್ಟಿಲು ಹತ್ತಿದಳು. ಮಾಳಿಗೆಯ ಮೇಲೆ ಒಂದು ತಂತಿ, ತಂತಿಯ ಮೇಲೆ ಗುಬ್ಬಿಯ ನೀಲಿ ಬಟ್ಟೆಗಳು. ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದಳು. ಎತ್ತಿದಳು.

ವಾಸನೆ ಮುಖಕ್ಕೆ ಬಡಿಯಿತು. ಅದೇ ಕಾಸಿನ ವಾಸನೆ, ನೂರು ಪಾಲು. ಒಳಗೆ ಕತ್ತಲು. ನೀರು ಬೀಳುತ್ತಿತ್ತು. ಟಿಣ್. ತೋಳು ಇಳಿಸಿದಳು. ಮೊಣಕೈವರೆಗೆ. ಭುಜದವರೆಗೆ. ಏನೋ ಬೆರಳಿಗೆ ತಾಗಿತು. ತೆಳ್ಳಗೆ. ತಣ್ಣಗೆ. ಅಲುಗಿತು. ಕೈ ಹಿಂದೆಗೆದಳು. ಅದು ಜೊತೆಗೇ ಬಂತು. ಮಣಿಕಟ್ಟಿಗೆ ದಾರ ಸುತ್ತಿಕೊಂಡಿತ್ತು. ದಾರದ ತುಂಬ ತಗಡು. ಒಂದರ ಹಿಂದೆ ಒಂದು. ಜಗ್ಗಿದಳು. ಮುಗಿಯಲಿಲ್ಲ. ಮತ್ತೆ ಜಗ್ಗಿದಳು. ತಗಡಿನ ಮೇಲೆ ಗೀರು. ಗೀರಿನಲ್ಲಿ ಒಂದು ಮಗು. ತಲೆ. ಕೈ. ಕಾಲು. ಹೊಟ್ಟೆಯಿರಲಿಲ್ಲ. ಹೊಟ್ಟೆಯ ಜಾಗದಲ್ಲಿ ತೂತು. ತೂತಿನ ಸುತ್ತ ಹಸಿರು. ಇನ್ನೊಂದು ನೋಡಿದಳು. ಅದರಲ್ಲೂ ಮಗು. ಅದಕ್ಕೂ ಹೊಟ್ಟೆಯಿಲ್ಲ. ಎಲ್ಲ ಮಕ್ಕಳ ಹೊಟ್ಟೆಯನ್ನೂ ಯಾವುದೋ ತಿಂದಿತ್ತು.

"ಮುಚ್ಚು! ಮುಚ್ಚು ಕಣೇ!"

ಅತ್ತೆ ಮೆಟ್ಟಿಲ ತುದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಕೈಯಲ್ಲಿ ಕಾಗದ ಸುತ್ತಿದ ಹೊಸ ತಗಡು. ಬೀಗದಕೈಯವನು ಅರದಿಂದ ಉಜ್ಜಿದ ಹೊಳಪು ಅದರ ಅಂಚಿನಲ್ಲಿ ಇನ್ನೂ ಹಾಗೇ ಇತ್ತು.

"ಅದನ್ನ ತೆಗೀಬೇಡ ತಾಯಿ. ಟ್ಯಾಂಕಲ್ಲಿರೋದು ತಗಡು ತಿಂತಿದೆ, ನೋಡಿದ್ಯಾ? ತಗಡು ತಿನ್ನೋವರೆಗೂ ಮಗೂನ ತಿನ್ನಲ್ಲ ಅಂದಿದಾನೆ ಅವನು. ಸವೆದಷ್ಟೂ ಒಳ್ಳೇದು, ಸವೆದಾಗೆಲ್ಲ ಹೊಸದು ಕಟ್ಟು ಅಂದ. ಗುಬ್ಬಿ ಜಾಸ್ತಿ ಕಕ್ಕಿದ ದಿನ ನಾನು ಎರಡು ಕಟ್ಟಿದೀನಿ ಕಣೇ. ಒಂದು ದಿನಾನೂ ತಪ್ಪಿಸಿಲ್ಲ."

"ಈ ಕರಿ ತಿರುಗಿರೋವು?"

"ಅವು ಮೊದಲೇ ಇದ್ದವು. ಅವಳೂ ಕಟ್ಟಿದ್ಲು, ಪಾಪ. ಅವಳಿಗೆ ಸಾಲಲಿಲ್ಲ."

ಅವಳು ಅತ್ತೆಯ ಮುಖ ನೋಡಿದಳು. ಮಂಡಿ ಹಿಡಿದುಕೊಂಡು, ಕಳ್ಳರ ಹಾಗೆ, ದಿನವೂ ಹತ್ತಿ ಇಳಿದವರ ಮುಖ. ಬಾಯಿಗೆ ಬಂದದ್ದನ್ನು ನುಂಗಿದಳು. ದಾರ ಕಡಿದು ತಗಡುಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಟ್ಯಾಂಕಿನ ತೂಬು ಬಿಚ್ಚಿ, ಆಸ್ಪತ್ರೆಗೆ ಓಡಿದಳು. ಹಿಂದೆ ಅತ್ತೆ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಕೇಳಿಸುತ್ತಿತ್ತು.

ಡಾಕ್ಟರು ತಗಡನ್ನು ತಿರುಗಿಸಿ ನೋಡಿದರು. ಔಷಧ ಬದಲಿಸಿದರು. ಲಿವರು ಅಷ್ಟರಲ್ಲಿ ಕಲ್ಲಾಗಿತ್ತು. ಮರುದಿನ ಮಧ್ಯಾಹ್ನ, ಊಟದ ಗಾಡಿ ವಾರ್ಡಿನಲ್ಲಿ ಗಡಗಡ ಎನ್ನುತ್ತಿದ್ದಾಗ, ಗುಬ್ಬಿ ಹೋಯಿತು. ಹಾಸಿಗೆಯ ಬಟ್ಟೆಯನ್ನು ಅವಳ ವಿಭಾಗಕ್ಕೇ ಕಳಿಸಿದರು. ಜೊತೆಗಾತಿಯೊಬ್ಬಳು ಏನೂ ಹೇಳದೆ ಅದನ್ನು ಬೇರೆ ಇಟ್ಟು ಒಗೆದಳು.

ಅತ್ತೆ ಅವಳನ್ನು ಕ್ಷಮಿಸಿದರು. ಅದೇ ಎಲ್ಲಕ್ಕಿಂತ ಕಷ್ಟವಾದದ್ದು.

"ನೀನು ತಗಡು ತೆಗೆದೆ, ಅದು ಬಂತು," ಎಂದು ಅವಳ ತಲೆ ಸವರಿದರು. "ನಿಂಗೆ ಗೊತ್ತಿರ್ಲಿಲ್ಲ ಕಣೇ. ನಾನು ಮುಂಚೇನೇ ಬಾಯಿ ಬಿಟ್ಟು ಹೇಳ್ಬೇಕಿತ್ತು. ನೀನು ನಗ್ತೀಯ ಅಂತ ಹೆದರಿದೆ."

ಯಾರಿಗೂ ಹೇಳುವುದಿಲ್ಲ ಎಂದವರು ದರ್ಜಿ ಅಕ್ಕನಿಗೆ ಹೇಳಿದರು. ದರ್ಜಿ ಅಕ್ಕ ಬೀದಿಗೆ ಹೇಳಿದಳು. ಅವಳು ಕೆಲಸಕ್ಕೆ ಹೋಗುವಾಗ ಬಾಗಿಲುಗಳಲ್ಲಿ ಮಾತು ನಿಲ್ಲುತ್ತಿತ್ತು. ಗಂಡ ಬಂದ. ಒಂದೇ ಪ್ರಶ್ನೆ ಕೇಳಿದ: "ಯಾಕೆ ತೆಗೆದೆ?" ಪಕ್ಕದ ಕೋಣೆಯಲ್ಲಿ ಅತ್ತೆ ಗುಬ್ಬಿಯ ಬಟ್ಟೆ ಮಡಿಸುತ್ತಿದ್ದರು. ಅವಳು ಉತ್ತರ ಕೊಡಲಿಲ್ಲ. ಕೊಟ್ಟರೆ ಆ ಬಟ್ಟೆ ಮಡಿಸುವ ಕೈಗಳ ಗತಿಯೇನು? ಗಂಡ ಲಾರಿ ಹತ್ತಿ ಹೋದ. ಹೊತ್ತುಕೊಂಡರೆ ಹೊತ್ತುಕೊಂಡೆ, ಒಂದು ಸುಳ್ಳು ಒಬ್ಬ ಮುದುಕಿಯನ್ನು ಉಳಿಸುವುದಾದರೆ ಇರಲಿ ಎಂದು ಅವಳು ತೀರ್ಮಾನಿಸಿದಳು.

ಆದರೆ ದರ್ಜಿ ಅಕ್ಕನ ಮಗಳಿಗೆ ದಿನ ತುಂಬಿತ್ತು.

ಒಂದು ಬೆಳಿಗ್ಗೆ ಅವಳು ಹಿಂದುಗಡೆ ಬಟ್ಟೆ ಹಿಂಡುತ್ತಿದ್ದಾಗ, ಅತ್ತೆ ಪಕ್ಕದ ಮನೆಯ ಮೆಟ್ಟಿಲ ಕಡೆ ನಡೆಯುತ್ತಿರುವುದು ಕಂಡಿತು. ಮುಷ್ಟಿಯಲ್ಲಿ ಏನೋ ಹೊಳೆಯಿತು.

"ಎಲ್ಲಿಗೆ ಅತ್ತೆ?"

"ಶ್! ಇದೊಂದು ಕಟ್ಟಿ ಬಂದ್ಬಿಡ್ತೀನಿ. ಆ ಹುಡುಗಿ ಹೊಟ್ಟೇಲಿರೋದಾದ್ರೂ ಉಳೀಲಿ. ನಮ್ಮ ಟ್ಯಾಂಕಿಂದ ಎದ್ದಿದ್ದು ಎಲ್ಲಿಗೆ ಹೋಗಿರುತ್ತೆ ಹೇಳು, ಪಕ್ಕಕ್ಕೇ ತಾನೇ?"

ಅವಳು ಅತ್ತೆಯ ಮಣಿಕಟ್ಟು ಹಿಡಿದಳು. ಬಿಡಲಿಲ್ಲ.

"ಅತ್ತೆ, ಶಾಪ ಅಲ್ಲ. ತಗಡು. ಈ ನೀರು ತಾಮ್ರ ಕರಗಿಸುತ್ತಂತೆ. ಅದೇ ಗುಬ್ಬಿ ಹೊಟ್ಟೆಗೆ ಹೋಗಿದ್ದು."

ಅತ್ತೆ ಮೊದಲು ನಗಲು ನೋಡಿದರು. "ಯಾರು ಹೇಳಿದ್ದು?"

"ಡಾಕ್ಟ್ರು."

"ಯಾವಾಗ?"

"ಮಗು ಇದ್ದಾಗ್ಲೇ."

"ಎರಡು ಕಟ್ಟಿದ ದಿನ..." ಎಂದರು ಅತ್ತೆ.

"ನಾನೂ ಕುದಿಸಿದೆ ಅತ್ತೆ. ಕುದಿಸಿ ಕುದಿಸಿ ಗಟ್ಟಿ ಮಾಡಿ ಕುಡಿಸಿದೆ. ನೀವೊಬ್ಬರೇ ಅಲ್ಲ. ಕೇಳಿಸ್ತಾ? ನೀವೊಬ್ಬರೇ ಅಲ್ಲ."

ಅತ್ತೆ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದರು. ತಮ್ಮ ಅಂಗೈಯನ್ನು ಬಿಚ್ಚಿ ನೋಡುತ್ತಿದ್ದರು. ತಗಡನ್ನು ಬಿಗಿಹಿಡಿದ ಕಡೆ ಬೆವರಿಗೆ ಸಣ್ಣಗೆ ಹಸಿರು ಮೂಡಿತ್ತು. ಅದನ್ನು ಬಟ್ಟೆಗೆ ಒರೆಸಿದರು. ಮತ್ತೆ ಒರೆಸಿದರು.

ಅಂದಿನಿಂದ ಅವರು ನೀರು ಮುಟ್ಟಲಿಲ್ಲ. ಲೋಟ ತುಟಿಗಿಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಅವಳು ಬೇಡಿಕೊಂಡಳು, ಬೈದಳು, ದರ್ಜಿ ಅಕ್ಕನ ಮನೆಯಿಂದ ತಂದಳು, ಅವರೆದುರೇ ಅರ್ಧ ಲೋಟ ಕುಡಿದು ತೋರಿಸಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೀರೇರಿಸಿದರೆ ಸೂಜಿಯನ್ನು ಕಿತ್ತು ಹಾಕಿದರು. ವಾರ ದಾಟಲಿಲ್ಲ.

ದರ್ಜಿ ಅಕ್ಕನ ಮೊಮ್ಮಗ ಗುಂಡುಗುಂಡಗೆ ಹುಟ್ಟಿದ. ಆ ಮನೆಯವರು ಇವಳ ಜೊತೆ ಮಾತು ಬಿಟ್ಟರು. ಮಗುವನ್ನೂ ಅತ್ತೆಯನ್ನೂ ನುಂಗಿದವಳು ಎಂದು ಬೀದಿ ಹೇಳಿತು. ಗಂಡ ಬಂದು ಸಾಮಾನು ಲಾರಿಗೇರಿಸಿದ. ಹಿಂದೆ ಜಾಗ ಬಹಳ ಉಳಿಯಿತು.

ಆ ಮನೆಗೆ ಬಂದವರು ನಾಲ್ವರು. ಬಿಟ್ಟು ಹೊರಟವರು ಇಬ್ಬರು.